ಉಪ್ಪು ನೋಡುವ ಕೆಲಸ

ನಮ್ಮೂರಿಗೆ ವೆಬ್‌ಸೈಟ್ ಬೇಕು ಎಂದು ಮೊದಲು ಹೇಳಿದವಳು ಕಸ್ತೂರಿ. ಬೇಡ ಎಂದು ಮೊದಲು ಹೇಳಿದವನು ನಾನು. ಇದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಊರಲ್ಲಿ ಯಾರನ್ನು ಕೇಳಿದರೂ ಫಕೀರಪ್ಪನೇ, ಅಂದರೆ ನಾನೇ, ಮುಂದೆ ನಿಂತು ಮಾಡಿಸಿದ ಎನ್ನುತ್ತಾರೆ. ನಮ್ಮ ಜನ ಒಳ್ಳೆಯವರು. ಆದರೆ ಅವರ ನೆನಪು ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಮಾತ್ರ ಬಾಳಿಕೆ ಬರುತ್ತದೆ.

ನಾನು ಮೂವತ್ತೊಂದು ವರ್ಷದಿಂದ ಈ ಊರಿನ ಅಂಚೆಯವನು. ಬೇರೆ ಊರಿನ ಅಂಚೆಯವರು ಒಂದು ಮನೆಯನ್ನು ಒಮ್ಮೆ ಗುರುತು ಹಿಡಿದರೆ ನಿವೃತ್ತರಾಗುವವರೆಗೆ ಸಾಕು. ನನಗೆ ಆ ಸುಖವಿಲ್ಲ. ಪ್ರತಿ ಅಮಾವಾಸ್ಯೆಯ ರಾತ್ರಿ ನಮ್ಮೂರಿನ ಮನೆಗಳು ಜಾಗ ಬದಲಿಸುತ್ತವೆ. ಬಾವಿ, ಕೆರೆ, ಶಾಲೆ, ಅಂಗಡಿ, ಅಂಚೆ ಕಚೇರಿ, ಆಸ್ಪತ್ರೆ ಇದ್ದಲ್ಲೇ ಇರುತ್ತವೆ. ಜನ ಮಲಗಿದ ಸೂರು ಮಾತ್ರ ಹೊರಟುಬಿಡುತ್ತದೆ. ಒಮ್ಮೆ ಶಾಲೆಯ ಕಾವಲುಗಾರ ಮರೆತು ಆರನೇ ತರಗತಿಯ ಕೋಣೆಯಲ್ಲಿ ನಿದ್ದೆ ಹೋದ. ಮರುದಿನ ಆ ಕೋಣೆ ಸ್ಮಶಾನದ ಪಕ್ಕದಲ್ಲಿ ಸಿಕ್ಕಿತು. ಅದು ತಿರುಗಿ ಶಾಲೆಯ ಹತ್ತಿರ ಬರುವವರೆಗೆ ಆ ಮನುಷ್ಯ ಏಳು ಅಮಾವಾಸ್ಯೆ ಅದರೊಳಗೇ ಮಲಗಬೇಕಾಯಿತು, ಮಕ್ಕಳು ಅದು ಹೋದಲ್ಲಿಗೇ ನಡೆದುಹೋಗಿ ಭೂಗೋಳ ಓದಬೇಕಾಯಿತು. ಅಂದಿನಿಂದ ನಮ್ಮ ಆಸ್ಪತ್ರೆಯಲ್ಲೂ ಅಮಾವಾಸ್ಯೆಯ ರಾತ್ರಿ ಯಾರನ್ನೂ ಇಟ್ಟುಕೊಳ್ಳುವುದಿಲ್ಲ.

ಇದರಿಂದ ಕಷ್ಟವೇ ಜಾಸ್ತಿ ಎಂದು ತಿಳಿಯಬೇಡಿ. ನಮ್ಮಲ್ಲಿ ನೆರೆಹೊರೆಯವರ ಜಗಳ ಒಂದು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ. ಹೆಣ್ಣು ನೋಡಲು ಬರುವವರು ಯಾವ ಓಣಿ ಎಂದು ಕೇಳುವುದಿಲ್ಲ, ಬಾಗಿಲಿಗೆ ಏನು ಕಟ್ಟಿದ್ದೀರಿ ಎಂದು ಕೇಳುತ್ತಾರೆ. ಪ್ರತಿ ಮನೆಗೂ ಒಂದು ಗುರುತು ಇದೆ. ಹಿಟ್ಟಿನ ಗಿರಣಿಯ ಖಾದರಸಾಬರ ಬಾಗಿಲಿಗೆ ಹಳೆಯ ಜರಡಿ, ವೀರಭದ್ರಯ್ಯ ಮಾಸ್ತರರ ಬಾಗಿಲಿಗೆ ತುಕ್ಕು ಹಿಡಿದ ಶಾಲೆ ಗಂಟೆ, ಕಸ್ತೂರಿಯ ಬಾಗಿಲಿಗೆ ಹಸಿರು ಕೊಡ. ಹಾಲಿಗೆ ಹೆಪ್ಪು ತಂದವರು ಬಟ್ಟಲು ಹಿಂದಿರುಗಿಸಲು ಅರ್ಧ ಊರು ಸುತ್ತುತ್ತಾರೆ, ಸುತ್ತುತ್ತಾ ನಾಲ್ಕು ಮನೆಯಲ್ಲಿ ಚಹಾ ಕುಡಿಯುತ್ತಾರೆ.

ಅಮಾವಾಸ್ಯೆಯ ಮರುದಿನ, ಪಾಡ್ಯದ ಮುಂಜಾನೆ, ಊರು ನನಗಾಗಿ ಕಾಯುತ್ತಿತ್ತು. ಬೆಳಕು ಹರಿಯುವ ಹೊತ್ತಿಗೆ ನಾನು ಬಾವಿಯಿಂದ ಶುರು ಮಾಡುತ್ತಿದ್ದೆ. ಓಣಿ ಓಣಿ ನಡೆದು, ಬಾಗಿಲ ಗುರುತು ನೋಡಿ, ಯಾರ ಮನೆ ಎಲ್ಲಿ ಎಂದು ಪುಸ್ತಕದಲ್ಲಿ ಬರೆದುಕೊಂಡು, ಹತ್ತೂವರೆಗೆ ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು ಓದುತ್ತಿದ್ದೆ. ಮುನ್ನೂರ ಎಂಬತ್ತು ಮನೆ, ಒಂದೂ ತಪ್ಪಿಲ್ಲ. ಯಾರೋ ಹೇಳಿದ್ದನ್ನು ನಾನು ಬರೆದುಕೊಳ್ಳುತ್ತಿರಲಿಲ್ಲ. ಪಾಡ್ಯದ ಮುಂಜಾನೆ ಜನರಿಗೆ ಪೂರ್ವ ಯಾವುದು ಪಶ್ಚಿಮ ಯಾವುದು ತಿಳಿಯುವುದಿಲ್ಲ. ಕೆರೆಯ ಹಿಂದೆ ಎನ್ನುತ್ತಾರೆ, ಮನೆ ಕೆರೆಯ ಮುಂದಿರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರಲ್ಲ ಹಿರಿಯರು. ಆ ಗಾದೆಯನ್ನು ನಾನು ಸರಕಾರಿ ಆದೇಶದಂತೆ ಪಾಲಿಸಿಕೊಂಡು ಬಂದಿದ್ದೆ.

ಎರಡು ವರ್ಷದ ಹಿಂದೆ ಒಂದು ಪಾಡ್ಯದ ದಿನ ನಾನು ಬಾವಿಯ ಹತ್ತಿರ ನಿಂತಿದ್ದೆ, ಆಸ್ಪತ್ರೆಯ ದಮಯಂತಿ ಸಿಸ್ಟರ್ ಪಕ್ಕದಲ್ಲಿದ್ದರು. ಹಾಲು ಮಾರುವ ನೀಲವ್ವ ಓಡಿ ಬಂದಳು. ಕಸ್ತೂರಿಗೆ ನೋವು ಶುರುವಾಗಿದೆ, ಮನೆ ಇಟ್ಟಿಗೆ ಭಟ್ಟಿಯ ಹಿಂದೆ ಬಂದಿದೆ, ಗಂಡ ರುದ್ರೇಶ ಹೇಳಿ ಕಳಿಸಿದ್ದಾನೆ ಎಂದಳು. ಭಟ್ಟಿ ಎಂದರೆ ಊರಿನ ಆ ತುದಿ. ಹಿಂದಿನ ತಿಂಗಳು ಇಂಥದೇ ಮಾತು ಕೇಳಿ ಸಿಸ್ಟರ್ ಬಿಸಿಲಲ್ಲಿ ಒಂದು ತಾಸು ಸುಮ್ಮನೆ ಅಲೆದಿದ್ದರು. ನಾನು ದೊಡ್ಡವನಂತೆ, "ತಡೀರಿ ಸಿಸ್ಟರ್, ನಾ ಮೊದಲ ನೋಡಿ ಬರ್ತೇನಿ, ಸುಮ್ಮನ ಅಲೀಬ್ಯಾಡ್ರಿ" ಎಂದೆ. ಹೋಗಲು ಅರ್ಧ ತಾಸು, ಬರಲು ಅರ್ಧ ತಾಸು. ಮನೆ ಹೇಳಿದ ಜಾಗದಲ್ಲೇ ಇತ್ತು. ಸಿಸ್ಟರ್ ಹೋಗಿ ಮುಟ್ಟುವ ಹೊತ್ತಿಗೆ ಕೂಸು ಉಳಿದಿರಲಿಲ್ಲ.

ಯಾರೂ ನನಗೆ ಒಂದು ಮಾತೂ ಅನ್ನಲಿಲ್ಲ. ಕಸ್ತೂರಿ ಅಂಚೆ ಕಚೇರಿಯ ಎದುರೇ ಝೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಮೂರು ವಾರದ ನಂತರ ಬಂದು ಎಂದಿನಂತೆ ಶಟರ್ ಎತ್ತಿದಳು, ಎಂದಿನಂತೆ "ಕಾಕಾ, ಚಾ ಆತ್ರೇನು?" ಎಂದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಬೈಯುವ ಬದಲು ಅವಳು ಯೋಚನೆ ಮಾಡತೊಡಗಿದ್ದಳು. ಪಾಡ್ಯದ ಮುಂಜಾನೆ ಫೋನಿನಿಂದ ಉಪಯೋಗವಿಲ್ಲ. ಎಲ್ಲರೂ ಎಲ್ಲರಿಗೂ ಒಮ್ಮೆಲೇ ಹಚ್ಚುವುದರಿಂದ ಯಾರಿಗೂ ಯಾರೂ ಸಿಗುವುದಿಲ್ಲ. ವಾಟ್ಸಾಪ್ ಗುಂಪು ಇತ್ತು. ಅದರಲ್ಲಿ ಶುಭೋದಯದ ಗುಲಾಬಿ ಹೂಗಳ ಕೆಳಗೆ ಮನೆಗಳು ಹೂತುಹೋಗುತ್ತಿದ್ದವು. ಎಲ್ಲರ ಮನೆಯೂ ಒಂದೇ ಕಡೆ ಸಾಲಾಗಿ ಕಾಣುವಂಥದ್ದು ಬೇಕು, ಊರಿನದೇ ವೆಬ್‌ಸೈಟ್ ಬೇಕು ಎಂದು ಅವಳು ಊರ ಹಿತ ಸಂಘದಲ್ಲಿ ಎದ್ದು ನಿಂತು ಹೇಳಿದಾಗ ನಾನು, "ನಾ ಬದುಕಿರೂತನಕ ಅದರ ಜರೂರಿಲ್ಲ" ಎಂದೆ. ನಿವೃತ್ತಿಗೆ ಎರಡು ವರ್ಷ ಇತ್ತು. ಊರು ನನ್ನನ್ನು ಕಾಯದ ಒಂದು ಪಾಡ್ಯವನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ. ಅದನ್ನು ಹೇಳುವುದು ಹೇಗೆ?

ಸಂಘದವರು ಐದು ಜನರ ಸಮಿತಿ ಮಾಡಿದರು. ಮಾಸ್ತರರು ಅಧ್ಯಕ್ಷರು, ಉಳಿದವರು ಖಾದರಸಾಬರು, ದಮಯಂತಿ ಸಿಸ್ಟರ್, ಕಸ್ತೂರಿ ಮತ್ತು ನಾನು. ಹೊರಗಿನ ಪೇಟೆಯಿಂದ ಜಿನದತ್ತ ಎನ್ನುವವರನ್ನು ಕರೆಸಿದರು. ಐವತ್ತರ ಹತ್ತಿರದ ತಾಳ್ಮೆಯ ಮನುಷ್ಯ, ವೆಬ್‌ಸೈಟ್ ಕಟ್ಟಿಕೊಡುವುದೇ ಅವರ ಕಸುಬು. ಶಾಲೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಮೊದಲು ಸಿಎಂಎಸ್ ಆರಿಸಬೇಕು ಎಂದರು. ನಾವು ಐವರೂ ಗೊತ್ತಿದ್ದವರಂತೆ ತಲೆ ಆಡಿಸಿದೆವು. ಅವರು ನಮ್ಮ ಮುಖ ನೋಡಿ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟರು.

"ವೆಬ್‌ಸೈಟ್ ಅಂದ್ರ ಊಟದ ಪಂಕ್ತಿ ಅಂತ ತಿಳೀರಿ. ಜನ ಬಂದು ಕುಂದ್ರತಾರ, ಎಲಿಗೆ ಬಿದ್ದದ್ದು ಉಣ್ತಾರ. ಸಿಎಂಎಸ್ ಅಂದ್ರ ಹಿಂದಿನ ಅಡಗಿಮನಿ. ಒಳಗ ಯಾರು ಹೋಗಬೇಕು, ಯಾರು ಅಡಗಿ ಮಾಡಬೇಕು, ಬಡಸೂದಕ್ಕಿಂತ ಮೊದಲ ಯಾರು ಉಪ್ಪು ನೋಡಬೇಕು, ಇದನ್ನೆಲ್ಲಾ ಅದು ನೋಡಿಕೊಳ್ತೈತಿ. ನಿಮಗ ಎಂಥಾ ಅಡಗಿಮನಿ ಬೇಕು ಅಷ್ಟ ಹೇಳ್ರಿ."

ಮೂರು ತೋರಿಸಿದರು. ಮೊದಲನೆಯದರಲ್ಲಿ ಒಬ್ಬನೇ ಅಡುಗೆಯವನು. ಊರಿಗೆಲ್ಲ ಅವನೊಬ್ಬನೇ ಬರೆಯಬೇಕು. "ಅಂವಗ ಜ್ವರ ಬಂದ್ರ ಊರ ಉಪಾಸ" ಎಂದು ಖಾದರಸಾಬರು ಅದನ್ನು ಅಲ್ಲೇ ಮುಗಿಸಿದರು. ಎರಡನೆಯದರಲ್ಲಿ ಯಾರು ಬೇಕಾದರೂ ಬರೆಯಬಹುದು, ಆದರೆ ಉಪ್ಪು ನೋಡುವವನೊಬ್ಬ ಹೌದು ಎಂದು ಒತ್ತುವವರೆಗೆ ಅದು ಯಾರಿಗೂ ಕಾಣುವುದಿಲ್ಲ. ನೋಡಲು ಚೆಂದವಿತ್ತು, ಮೇಲೆ ಕೆರೆಯ ಚಿತ್ರ ಓಡುತ್ತಿತ್ತು. ಮೂರನೆಯದು ಬೋಳು ಬೋಳು. ಅದರಲ್ಲಿ ಮನೆಮನೆಗೂ ತಮ್ಮದೇ ಒಲೆ. ಬರೆದ ಕೂಡಲೇ ಊರಿಗೆ ಕಾಣುತ್ತದೆ, ಯಾರೂ ಉಪ್ಪು ನೋಡುವುದಿಲ್ಲ.

ವೆಬ್‌ಸೈಟಿನಲ್ಲಿ ಹೆಸರು ಸೇರಿಸಲು ಒಂದು ಫಾರ್ಮು ತುಂಬಬೇಕಿತ್ತು. ಜಿನದತ್ತರು ಹೊರಗಿನವರಲ್ಲವೇ, ಅದರಲ್ಲಿ "ಖಾಯಂ ವಿಳಾಸ" ಎಂಬ ಸಾಲು ಇತ್ತು, ತುಂಬದಿದ್ದರೆ ಮುಂದೆ ಹೋಗುತ್ತಿರಲಿಲ್ಲ. ಮಾಸ್ತರರು ಪೆನ್ನು ಕಚ್ಚುತ್ತಾ ಕೂತರು. ಸಿಸ್ಟರ್ ನಕ್ಕರು. ಖಾದರಸಾಬರು ಮಾತ್ರ ಒಂದೊಂದೇ ಅಕ್ಷರ ಹುಡುಕಿ ಒತ್ತಿ, "ದೇವರಿಗೆ ಗೊತ್ತು" ಎಂದು ಬರೆದರು. ಫಾರ್ಮು ಅದನ್ನು ಒಪ್ಪಿಕೊಂಡಿತು.

ಮೂರನೆಯದನ್ನು ಒಂದು ದಿನ ಊರಿಗೆ ಬಿಟ್ಟು ನೋಡೋಣ ಎಂದರು ಜಿನದತ್ತರು. ಬಿಟ್ಟರು. ಕೋತಿಗೆ ಹೆಂಡ ಕುಡಿಸಿದಂತಾಯಿತು. ಮಧ್ಯಾಹ್ನದೊಳಗೆ ಒಬ್ಬ ಎಮ್ಮೆ ಕರು ಮಾರಲು ಹಾಕಿದ್ದ. ಇನ್ನೊಬ್ಬ, ನಾಲ್ಕನೇ ತರಗತಿಯಲ್ಲಿ ಮಾಸ್ತರರು ತನ್ನನ್ನು ತಪ್ಪಿಲ್ಲದೆ ಹೊಡೆದರು, ಹೊಡೆತ ತಿನ್ನಬೇಕಾದವನು ತಮ್ಮನಾಗಿದ್ದ ಎಂದು ಮೂವತ್ತು ವರ್ಷದ ಮೇಲೆ ಬರೆದಿದ್ದ. ಹೆಣ್ಣು ನೋಡಲು ಬರುವವರಿದ್ದ ಮೂರು ಮನೆಯವರು ತಮ್ಮ ಮನೆ ಬಾವಿಯ ಪಕ್ಕದಲ್ಲೇ ಇದೆ ಎಂದು ಹಾಕಿಕೊಂಡಿದ್ದರು, ಏಕೆಂದರೆ ಬಾವಿಯ ಪಕ್ಕ ಎಂದರೆ ನಮ್ಮಲ್ಲಿ ಬಲು ಮರ್ಯಾದೆ.

ಸಂಜೆ ಸಮಿತಿ ಸೇರಿತು. ಮಾಸ್ತರರು ಹೊಡೆತದ ವಿಷಯ ಎತ್ತಲಿಲ್ಲ, ಬಾವಿಯ ವಿಷಯ ಎತ್ತಿದರು. "ಸುಳ್ಳು ಬರದ್ರ ಯಾರ ಜವಾಬ್ದಾರಿ? ಉಪ್ಪು ನೋಡಾವ ಒಬ್ಬ ಬೇಕ ಬೇಕು."

ಕಸ್ತೂರಿ ಆಗ ನಾಲ್ಕು ತಿಂಗಳ ಬಸುರಿ. ಅವಳು ಏನನ್ನು ಕೇಳುತ್ತಿದ್ದಾಳೆ ಎಂಬುದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು. "ಸುಳ್ಳು ಬರದ್ರ ಮಧ್ಯಾಹ್ನದೊಳಗ ಜನ ನೋಡಿ ನಗತಾರ್ರಿ ಸರ್. ಬರದದ್ದು ಕಾಣಲಿಲ್ಲಂದ್ರ? ಯಾರಿಗರ ಮುಂಜಾನೆನ ನೋವು ಬಂದ್ರ? ಅಡಗಿ ರುಚಿ ಆಮ್ಯಾಲೆ ನೋಡೂನು, ಹಸದಾವ್ರಿಗೆ ಮೊದಲ ಬಡಸೂನ್ರಿ."

ಸಿಸ್ಟರ್ ಅವಳ ಕಡೆಗೆ ಕೈ ಎತ್ತಿದರು. ಖಾದರಸಾಬರು ಮಾಸ್ತರರ ಕಡೆಗೆ ಎತ್ತಿದರು. ತಮ್ಮ ಹೆಂಡತಿಗೆ ಸುಳ್ಳುಗಾರರನ್ನು ಕಂಡರೆ ಆಗುವುದಿಲ್ಲ ಎಂದರು. ಎರಡು ಅತ್ತ, ಎರಡು ಇತ್ತ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ನಾನು ನಡುವೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಕೈ ಕಸ್ತೂರಿಯ ಕಡೆಗೇ ಏಳುವುದರಲ್ಲಿತ್ತು. ಅಷ್ಟರಲ್ಲಿ ಮಾಸ್ತರರು, "ಉಪ್ಪು ನೋಡಾವ್ರು ಯಾರು ಅಂತ ಕೇಳೂದ ಬ್ಯಾಡ. ನಮ್ಮ ಫಕೀರಪ್ಪನ್ನ ಬಿಟ್ಟು ಈ ಊರಾಗ ಯಾರ ಮನಿ ಎಲ್ಲೈತಿ ಅಂತ ಹೇಳಾಕ ಮತ್ತ್ಯಾರದಾರ?" ಎಂದರು.

ನನ್ನ ಎದೆ ಉಬ್ಬಿತು. ನಿವೃತ್ತಿಯಾದರೂ ಪಾಡ್ಯ ನನ್ನದೇ ಆಗಿ ಉಳಿಯುತ್ತದೆ ಎಂದುಕೊಂಡೆ. ಎರಡನೆಯದಕ್ಕೆ ಕೈ ಎತ್ತಿದೆ. ಕಸ್ತೂರಿ ನನ್ನ ಕೈಯನ್ನೇ ನೋಡುತ್ತಿದ್ದಳು, ಮುಖವನ್ನು ನೋಡಲಿಲ್ಲ. ಜಿನದತ್ತರು ಏನೋ ಹೇಳುತ್ತಿದ್ದರು, ಮುಂದೆ ಬೇಕೆಂದರೆ ಹೀಗೆ ಮಾಡಬಹುದು, ಹಾಗೆ ಮಾಡಬಹುದು ಎಂದು. ನನಗೆ ಒಂದೂ ಕಿವಿಗೆ ಬೀಳಲಿಲ್ಲ.

ಜಿನದತ್ತರು ಕಟ್ಟಿಕೊಡಲು ಎರಡು ತಿಂಗಳು ಹಿಡಿಯಿತು. ಊರ ಹೆಸರಿನ ಕೆಳಗೆ ಮುನ್ನೂರ ಎಂಬತ್ತು ಮನೆಗಳ ಪಟ್ಟಿ. ನಾನು ಇನ್ನೂ ಹೌದು ಎಂದು ಒತ್ತದ ಮನೆಯ ಮುಂದೆ "ಉಪ್ಪು ನೋಡಬೇಕಿದೆ" ಎಂದೇ ಬರೆಯಿಸಿದೆವು. ಮೊದಲ ಪಾಡ್ಯದ ಮುಂಜಾನೆ ನನ್ನ ಹೊಸ ಫೋನು ಟಿಣ್ ಟಿಣ್ ಎನ್ನತೊಡಗಿತು. ಜನ ತಮ್ಮ ಮನೆ ಎಲ್ಲಿದೆ ಎಂದು ಬರೆಯುತ್ತಿದ್ದರು. ನಾನು ಬಾವಿಯಿಂದ ಶುರು ಮಾಡಿದೆ. ಹೋಗಿ ಬಾಗಿಲ ಗುರುತು ನೋಡುವುದು, ಹೌದು ಎಂದು ಒತ್ತುವುದು. ಮುಂದಿನ ಮನೆಗೆ ಹೋಗುವುದು, ನೋಡುವುದು, ಒತ್ತುವುದು. ಕಣ್ಣಾರೆ ಕಾಣದೆ ಒತ್ತುವ ಜನ್ಮ ನನ್ನದಲ್ಲ. ಹತ್ತೂವರೆಗೆ ಎಲ್ಲ ಮುಗಿಯಿತು. ಒಂದೂ ತಪ್ಪಿಲ್ಲ ಎಂದು ಮಾಸ್ತರರು ಬೆನ್ನು ತಟ್ಟಿದರು, ಸಂಘದವರು ಶಾಲು ಹೊದೆಸಿದರು. ಮೊದಲು ಪುಸ್ತಕದಲ್ಲಿ ಮಾಡುತ್ತಿದ್ದುದನ್ನೇ ಈಗ ಫೋನಿನಲ್ಲಿ ಮಾಡಿದ್ದೆ, ಅಷ್ಟೇ. ಅದು ಯಾರಿಗೂ ಹೊಳೆಯಲಿಲ್ಲ.

ಒಬ್ಬಳಿಗೆ ಹೊಳೆದಿತ್ತು. ಮಧ್ಯಾಹ್ನ ಕಸ್ತೂರಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಕಚೇರಿಗೆ ಬಂದಳು. "ಕಾಕಾ, ನಾ ಐದೂವರಿಗೆ ಬರದಿದ್ದೆ. ಊರಿಗೆ ಕಂಡದ್ದು ಒಂಬತ್ತೂ ಮುಕ್ಕಾಲಕ್ಕ."

"ನಿಮ್ಮನಿ ಕೆರಿ ಆಚೆ ಇತ್ತಲ್ಲವ್ವಾ. ಸಾಲು ಬಂದಂಗ ಬಂದೆ."

"ನೋಡದನ ಒತ್ತಿದ್ರ ಏನಾಗ್ತಿತ್ರಿ? ನನ್ನ ಮನಿ ಎಲ್ಲೈತಿ ಅನ್ನೂದು ನನಗ ಗೊತ್ತಿರೂದಿಲ್ಲೇನು?"

ನನಗೆ ಸಿಟ್ಟು ಬಂತು. ಸರಿಯಾದ ಮಾತಿಗೆ ನನಗೆ ಯಾವಾಗಲೂ ಹೆಚ್ಚು ಸಿಟ್ಟು ಬರುತ್ತದೆ. "ಮೂವತ್ತ ವರ್ಷ ಆತು, ಒಂದ ತಪ್ಪು ಮಾಡಿಲ್ಲ ನಾನು" ಎಂದುಬಿಟ್ಟೆ. ಬಾಯಿಂದ ಹೊರಬಿದ್ದ ಮೇಲೆ ಯಾರ ಮುಂದೆ ಆ ಮಾತು ಆಡಿದೆ ಎಂದು ಅರಿವಾಯಿತು. ಅವಳು ತಿರುಗಿ ಅಂಗಡಿಗೆ ಹೋದಳು. ಆ ದಿನ ನನಗೆ ಊಟ ಸೇರಲಿಲ್ಲ. ಕ್ಷಮಿಸು ಎಂದು ಹೇಳಲು ಮೂರು ಸಲ ರಸ್ತೆ ದಾಟಿದೆ, ಮೂರು ಸಲವೂ ಒಂದೊಂದು ಝೆರಾಕ್ಸ್ ಮಾಡಿಸಿಕೊಂಡು ಬಂದೆ.

ಅವಳ ದಿನ ತುಂಬುವುದು ಆಮೇಲಿನ ಎರಡನೇ ಅಮಾವಾಸ್ಯೆ ಕಳೆದು ಹದಿನೆಂಟು ದಿನಕ್ಕೆ. ಪಾಡ್ಯ ಮುಗಿಸಿಕೊಂಡು ಆರಾಮಾಗಿ ಪೇಟೆಯ ದೊಡ್ಡ ಆಸ್ಪತ್ರೆಗೆ ಹೋಗಿ ಸೇರಿಕೊ ಎಂದು ಸಿಸ್ಟರೇ ಹೇಳಿದ್ದರು. ಎಲ್ಲ ಲೆಕ್ಕ ಹಾಕಿಯೇ ಹೇಳಿದ್ದು. ಹೊಟ್ಟೆಯಲ್ಲಿರುವವರು ಲೆಕ್ಕ ಕೇಳಬೇಕಲ್ಲ.

ಆ ಪಾಡ್ಯದ ಮುಂಜಾನೆ ನನ್ನ ಮನೆ ಗರಡಿಮನೆಯ ಹಿಂದೆ ಬಂದಿತ್ತು. ಎದ್ದು ಮುಖ ತೊಳೆದು ಬಾವಿಗೆ ಹೋಗಿ ಶುರು ಮಾಡಿದೆ. ಮಂಜು ಇತ್ತು. ಫೋನು ಜೇಬಿನಲ್ಲಿ ಟಿಣ್ ಟಿಣ್ ಎನ್ನುತ್ತಲೇ ಇತ್ತು. ಯಾರು ಮೊದಲು ಬರೆದರೂ ಹತ್ತಿರದ ಓಣಿ ಮೊದಲು, ದೂರದ್ದು ಆಮೇಲೆ ಎಂದು ನನ್ನದೇ ಒಂದು ಕ್ರಮವಿತ್ತು. ಮೂವತ್ತು ಮನೆ ಮುಗಿಸಿ, ಬೇವಿನ ಮರದ ಕಟ್ಟೆಯ ಹತ್ತಿರ ಉಸಿರು ತೆಗೆದುಕೊಳ್ಳಲು ನಿಂತು, ಕನ್ನಡಕ ಹಾಕಿಕೊಂಡು ಉಳಿದ ಪಟ್ಟಿ ಕೆಳಕ್ಕೆ ಎಳೆದೆ. ನಲವತ್ತೇಳನೆಯದು ಕಸ್ತೂರಿಯ ಮನೆ. "ಇಟ್ಟಿಗಿ ಭಟ್ಟಿ ಹಿಂದ. ನೋವು ಭಾಳ ಆಗೇತಿ. ಸಿಸ್ಟರ್ ಲಗೂನ ಬರ್ರಿ." ಬರೆದ ಹೊತ್ತು ಐದು ನಲವತ್ತು. ಆಗ ಆರು ಐವತ್ತು.

ಮತ್ತೆ ಭಟ್ಟಿಯ ಹಿಂದೆಯೇ. ಅವಳ ಮಾತು ಒಂದು ತಾಸಿಗಿಂತ ಹೆಚ್ಚು ಹೊತ್ತು ನನ್ನ ಜೇಬಿನಲ್ಲೇ ಇತ್ತು, ಊರಲ್ಲಿ ಬೇರೆ ಯಾರಿಗೂ ಕಂಡಿರಲಿಲ್ಲ. ಸಿಸ್ಟರ್ ತಮ್ಮ ಮನೆ ಎಲ್ಲಿದೆ ಎಂದು ಬರೆದದ್ದೂ ಅದೇ ಪಟ್ಟಿಯಲ್ಲಿ ನನಗಾಗಿ ಕಾಯುತ್ತಿತ್ತು. ಕಸ್ತೂರಿಯೊಬ್ಬಳನ್ನೇ ಬಿಟ್ಟು ರುದ್ರೇಶ ಹುಡುಕಲು ಹೊರಡುವುದಾದರೂ ಯಾವ ಕಡೆಗೆ?

ಕಾಲು ಭಟ್ಟಿಯ ಕಡೆಗೆ ಎರಡು ಹೆಜ್ಜೆ ಹಾಕಿತ್ತು. ನೋಡಿ ಬಂದು ಒತ್ತುವುದು ಅದಕ್ಕೆ ಅಭ್ಯಾಸ. ನಾನು ನಿಂತೆ. ಪಟ್ಟಿಯ ಮೇಲೆ ಎಲ್ಲವನ್ನೂ ಒಮ್ಮೆಗೇ ಒಪ್ಪುವ ಗುಂಡಿ ಒಂದಿತ್ತು. ಅದನ್ನು ನಾನು ಆವರೆಗೆ ಮುಟ್ಟಿರಲಿಲ್ಲ. ಒಂದು ಮನೆಯನ್ನೂ ನೋಡದೆ, ನಿಜವೋ ಸುಳ್ಳೋ ಕೇಳದೆ, ಊರಿಗೆ ಊರನ್ನೇ ಒತ್ತಿಬಿಟ್ಟೆ. ಆಮೇಲೆ ಓಡಿದೆ. ಐವತ್ತೆಂಟರ ವಯಸ್ಸಿನಲ್ಲಿ, ಎರಡೂ ಮೊಣಕಾಲು ಕೆಟ್ಟವನು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಎದುರು ಬಂದವರು ಏನಾಯಿತು ಎಂದು ಕೇಳಿದರೆ ಹೇಳಲು ಉಸಿರು ಇರಲಿಲ್ಲ.

ಭಟ್ಟಿಯ ಹಿಂದೆ ಹಸಿರು ಕೊಡ ಕಟ್ಟಿದ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ರುದ್ರೇಶ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಗಾರೆ ಕೆಲಸದ ಗೌಂಡಿ, ಗಟ್ಟಿ ಆಳು. "ಸಿಸ್ಟರ್ ಒಳಗದಾರ" ಎಂದ. ನಾನು ಅವನ ಪಕ್ಕ ಕೂತೆ. ಅವನು ಎದ್ದು ಹೋಗಲಿಲ್ಲ, ನನಗೆ ಅದೇ ದೊಡ್ಡದು ಎನಿಸಿತು. ಇಬ್ಬರೂ ಬಾಗಿಲನ್ನೇ ನೋಡುತ್ತಾ ಕೂತೆವು. ಒಳಗೆ ಕಸ್ತೂರಿ ಒಮ್ಮೆ ಕೂಗಿದಳು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನಾನು ಯಾವ ದೇವರಿಗೂ ಹರಕೆ ಹೊರುವವನಲ್ಲ. ಅವತ್ತು ಹೆಸರು ನೆನಪಾದ ಎಲ್ಲ ದೇವರಿಗೂ ಹೊತ್ತೆ. ಆಮೇಲೆ ಕೂಸಿನ ದನಿ ಕೇಳಿತು. ಮೊದಲು ಅದು ಅಳುವಂತೆಯೂ ಇರಲಿಲ್ಲ, ಯಾರೋ ಕೆಮ್ಮಿದಂತೆ ಇತ್ತು. ಎರಡನೆಯ ಸಲಕ್ಕೆ ಸರಿಯಾಗಿ ಅತ್ತಿತು.

ಸಿಸ್ಟರ್ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡರು. "ಹೆಣ್ಣು ಕೂಸು. ಇಬ್ಬರೂ ಚಲೋ ಅದಾರ. ಹೊಕ್ಕಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ರಿ. ಇನ್ನ ಹತ್ತು ಮಿನಿಟ್ ತಡ ಆಗಿದ್ರ..." ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಅವರ ಮನೆ ಆ ತಿಂಗಳು ಎರಡೇ ಓಣಿಯ ಆಚೆ ಬಂದಿತ್ತಂತೆ. ಐದೂವರೆಯಿಂದ ಚಹಾ ಮುಂದಿಟ್ಟುಕೊಂಡು, ಬಸುರಿಯ ಮನೆ ಎಲ್ಲಿದೆ ಎಂದು ಕಂಡೀತೇನೋ ಎಂದು ಫೋನನ್ನೇ ನೋಡುತ್ತಾ ಕೂತಿದ್ದರಂತೆ. ಹೆಸರಿನ ಮುಂದೆ "ಉಪ್ಪು ನೋಡಬೇಕಿದೆ" ಎಂದೇ ಇತ್ತಂತೆ, ಒಮ್ಮೆಲೇ ಮನೆ ಕಂಡಿತಂತೆ. ನಾನು ಕಟ್ಟೆಯ ಮೇಲೆ ಕೂತಲ್ಲೇ ಅತ್ತೆ. ರುದ್ರೇಶ ನೀರು ತಂದುಕೊಟ್ಟ. ಒಳಗೆ ಹೋಗಿ ನೋಡುವ ಧೈರ್ಯ ಆಗಲಿಲ್ಲ, ಎದ್ದು ಬಂದುಬಿಟ್ಟೆ.

ನಾನು ಕಣ್ಣು ಮುಚ್ಚಿ ಒತ್ತಿದ್ದರಲ್ಲಿ ನಾಲ್ಕು ಮನೆಯವರು ಬಾವಿಯ ಪಕ್ಕ ಎಂದು ಸುಳ್ಳು ಬರೆದಿದ್ದರು. ಒಬ್ಬನ ಮನೆ ಕೆರೆಯ ಒಳಗೇ ಇದೆ ಎಂದಿತ್ತು. ಅದು ಬೆರಳು ಜಾರಿದ್ದು. ಜನ ಎರಡು ದಿನ ನಕ್ಕರು, ಅವರವರೇ ತಿದ್ದಿಕೊಂಡರು. ಮೂವತ್ತೊಂದು ವರ್ಷ ನಾನು ಹೆದರಿದ್ದು ಇಷ್ಟಕ್ಕೆ.

ನಾಲ್ಕನೇ ದಿನ ಜಿನದತ್ತರನ್ನು ಕರೆಸಿ ಸಮಿತಿ ಸೇರಿಸಿದೆ. ಕಸ್ತೂರಿಯ ಜಾಗ ಖಾಲಿ ಇತ್ತು. ನಾನೇ ಎದ್ದು ನಿಂತು, "ಅವತ್ತ ನಾ ಕೈ ಎತ್ತಿದ್ದು ಊರಿಗೋಸ್ಕರ ಅಲ್ಲ. ನನ್ನ ಕೆಲಸ ಹೋದೀತು ಅಂತ ಎತ್ತಿದೆ. ಈಗ ಆ ಉಪ್ಪು ನೋಡೂದು ತಗದುಬಿಡ್ರಿ, ಎಲ್ಲಾ ಮೊದಲಿಂದ ಕಟ್ಟಬೇಕಾದ್ರೂ ಕಟ್ರಿ" ಎಂದೆ.

ಮಾಸ್ತರರು ಗಂಟಲು ಸರಿ ಮಾಡಿಕೊಂಡರು. "ನಾ ಎತ್ತಿದ್ದೂ ಊರಿಗೋಸ್ಕರ ಅಲ್ಲೇಳೋ ಫಕೀರಪ್ಪ. ಆ ಹುಡುಗನ್ನ ನಾ ಖರೇನ ತಪ್ಪಿಲ್ಲದ ಹೊಡದಿದ್ದೆ. ಇನ್ನ ಎಷ್ಟ ಮಂದಿ ಬರೀತಾರೋ ಅಂತ ಅಂಜಿಕಿ ಬಂತು."

ಜಿನದತ್ತರು ನಮ್ಮಿಬ್ಬರನ್ನೂ ನೋಡಿ, "ಮೊದಲಿಂದ ಯಾಕ್ರಿ ಕಟ್ಟೂದು? ಇಲ್ಲೊಂದು ಟಿಕ್ ಐತಿ, ತಗದ್ರ ಆತು. ಬೇಕಾದಾಗ ತಗೀಬಹುದು ಅಂತ ನಾ ಅವತ್ತ ಹೇಳಿದ್ನಲ್ರಿ?" ಎಂದರು. ತೆಗೆದರು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಇಷ್ಟು ದಿನ ಆ ಟಿಕ್ ಅಲ್ಲೇ ಇತ್ತು, ನಾನು ಒಂದು ಸಲವೂ ಕೇಳಿರಲಿಲ್ಲ.

ಹದಿಮೂರನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದರು. ರುದ್ರೇಶ ತಾನೇ ಬಂದು ಕರೆದದ್ದರಿಂದ ಹೋಗದೆ ಇರಲಾಗಲಿಲ್ಲ. ಹೆಂಗಸರ ಹಾಡು ಮುಗಿದು ಜನ ಊಟಕ್ಕೆ ಎದ್ದ ಮೇಲೆ ಕಸ್ತೂರಿ ನನ್ನನ್ನು ಒಳಗೆ ಕರೆದಳು. ಗೋಡೆಗೆ ಒರಗಿ ಕೂತಿದ್ದಳು, ಕೂಸು ತೊಡೆಯ ಮೇಲಿತ್ತು. ನಾನು ಬಾಗಿಲಲ್ಲೇ ನಿಂತೆ.

"ಕಾಕಾ, ಒಂದು ಮಾತು ಕೇಳ್ತೇನಿ. ಅವತ್ತ ನೀವು ಇಲ್ಲಿಗೆ ಬಂದು, ನಮ್ಮನಿ ನೋಡಿ ಒತ್ತಿದ್ರೇನು?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲವ್ವಾ. ಬೇವಿನ ಗಿಡದ ಹಂತೇಕ ನಿಂತು ಒತ್ತಿದೆ. ನೋಡಲಿಲ್ಲ."

"ಹಂಗಾರ ಈ ಸಲ ನಮ್ಮ ಮಾತು ನಂಬಿದ್ರಿ."

ಆ "ಈ ಸಲ" ನನ್ನ ಎದೆಗೆ ತಾಗಿತು. ಅವಳಿಗೆ ಎಲ್ಲ ಗೊತ್ತಿತ್ತು. ಎರಡು ವರ್ಷದಿಂದ, ಚಾ ಆತ್ರೇನು ಎಂದು ಕೇಳುವಾಗಲೂ ಗೊತ್ತಿತ್ತು. "ನಂಬಿಕಿ ಅಲ್ಲವ್ವಾ" ಎಂದೆ. "ನಾ ಹೆದರಿದ್ದೆ. ಹೆದರಿ ಒತ್ತಿದೆ, ಅಷ್ಟ."

ಕಸ್ತೂರಿ ಕೂಸಿನ ಮುಖದ ಮೇಲಿನ ನೊಣ ಓಡಿಸಿದಳು. "ಬರೇ ಹೆದರಿದ್ರ ನೀವು ಮೊದಲ ಓಡಿ ಬಂದು ನೋಡ್ತಿದ್ರಿ ಕಾಕಾ. ನೀವು ಮೊದಲ ಒತ್ತಿದ್ರಿ, ಆಮ್ಯಾಲೆ ಓಡಿದ್ರಿ" ಎಂದಳು. ನಾನು ಒಳಗೆ ಹೋಗಿ ಅವಳ ಎದುರು ನೆಲದ ಮೇಲೆ ಕೂತೆ.